ಒಂದೂವರೆ ರೂಪಾಯಿಗೆ ಒಂದು ಟನ್ ಬಿದಿರು

ಗೌರಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಯಾವ ಮಾರುಕಟ್ಟೆಗೆ ಹೋದರೂ ಮೊರದ ರಾಶಿ ಎದುರಾಗುತ್ತದೆ. ಪ್ಲಾಸ್ಟಿಕ್ ಮೊರ ಬಂದು ಎಷ್ಟೋ ವರ್ಷವಾಯಿತು, ಅಕ್ಕಿ ಕೇರುವವರೇ ಕಡಿಮೆಯಾದರು. ಆದರೂ ಬಾಗಿನಕ್ಕೆ ಮಾತ್ರ ಬಿದಿರಿನದೇ ಬೇಕು, ಅದೂ ಜೋಡಿ ಬೇಕು. ಹೋದ ಸಲ ನಮ್ಮ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಬೆಲೆ ಕೇಳಿ ಹುಬ್ಬೇರಿಸಿದರು: "ಬರೀ ಬಿದಿರಲ್ವೇನಮ್ಮಾ, ಇಷ್ಟೊಂದಾ?" ಮಾರುತ್ತಿದ್ದಾಕೆ ತಲೆ ಎತ್ತದೆ, ಮೊರ ಜೋಡಿಸುತ್ತಲೇ ಅಂದಳು: "ಬಿದಿರು ಎಲ್ಲಿ ಸಿಗ್ತದೆ ತೋರಿಸಿ ಅಕ್ಕಾ, ನಾನೇ ಹೋಗಿ ಕಡ್ಕೊಂಡ್ ಬರ್ತೀನಿ."

ಚೌಕಾಸಿಯ ಮಾತೆಂದು ನಕ್ಕು ಬಿಡಬಹುದಿತ್ತು. ಆದರೆ ಆ ಪ್ರಶ್ನೆ ಹೊಸದಲ್ಲ. ಸುಮಾರು ಐವತ್ತು ವರ್ಷಗಳ ಹಿಂದೆ ಉತ್ತರ ಕನ್ನಡದ ಮೇದಾರರು ಇದೇ ಪ್ರಶ್ನೆಯನ್ನು ಸರ್ಕಾರದ ಮುಂದಿಟ್ಟಿದ್ದರು. ಬುಟ್ಟಿ ಹೆಣೆಯಲು ಕಾಡಿನಲ್ಲಿ ಬಿದಿರಿಲ್ಲ, ಪೇಟೆಯಲ್ಲಿ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲ ಎಂಬುದು ಅವರ ಅಹವಾಲು. ಅದೇ ಕಾಡಿನ ಅದೇ ಬಿದಿರು ದಾಂಡೇಲಿಯ ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಹೋಗುತ್ತಿತ್ತು. ಒಂದು ಟನ್ ಎಂದರೆ ಎತ್ತಿನ ಗಾಡಿಯೊಂದರ ತುಂಬು ಹೊರೆ. ಪೇಟೆಯ ದರ ಇದರ ಸಾವಿರ ಪಟ್ಟಿಗಿಂತ ಕಡಿಮೆ ಇರಲಿಲ್ಲವೆಂದು ಮುಂದೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಮತ್ತೆ ಮತ್ತೆ ಬರೆದರು. ಆ ದರದ ಚರಿತ್ರೆ ತಿಳಿಯದೆ ನಮ್ಮ ನೋಟ್‌ಬುಕ್ಕಿನ, ನಮ್ಮ ಅಂಗಿಯ ಚರಿತ್ರೆ ಪೂರ್ತಿಯಾಗುವುದಿಲ್ಲ.

ಮೊದಲಿಗೆ ಬಿದಿರು ಸರ್ಕಾರದ ಕಣ್ಣಿಗೆ ಕಳೆಯಾಗಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಬ್ರಿಟಿಷ್ ಅರಣ್ಯಾಧಿಕಾರಿಗಳಿಗೆ ಇಲ್ಲಿ ಬೇಕಾಗಿದ್ದದ್ದು ಸಾಗುವಾನಿ. ಹಡಗಿಗೆ, ರೈಲಿಗೆ, ಬಂಗಲೆಗೆ ಎಲ್ಲಕ್ಕೂ ಅದೇ. ಸಾಗುವಾನಿಯ ನಡುವೆ ಎದ್ದುಬರುವ ಬಿದಿರ ಮೆಳೆ ಅವರ ಲೆಕ್ಕದಲ್ಲಿ ಜಾಗ ತಿನ್ನುವ ಉಪದ್ರವ. ಅದನ್ನು ಕಡಿದು ತೆಗೆಯಬೇಕೆಂಬುದು ಬಹುಕಾಲ ಇಲಾಖೆಯ ನಿಲುವಾಗಿತ್ತು. ಬಿದಿರನ್ನು ನೆಚ್ಚಿದ್ದವರು ಬೇರೆ ಜನ: ಬುಟ್ಟಿ, ಮೊರ, ತಟ್ಟಿ, ಕಣಜ ಹೆಣೆಯುವ ಮೇದಾರರು, ಮನೆಗೆ ಗಳ, ಗಾಡಿಗೆ ತಟ್ಟಿ, ಬೇಲಿಗೆ ಮುಳ್ಳು, ಮಳೆಗಾಲದ ಪಲ್ಯಕ್ಕೆ ಕಳಲೆ ಎಂದು ಕಾಡಿಗೆ ಹೋಗುವ ರೈತರು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರ ಸಾಲಿನಲ್ಲಿ ಮೇದಾರ ಕೇತಯ್ಯನ ಹೆಸರಿದೆ. ಬಿದಿರು ಸೀಳಿ ಬುಟ್ಟಿ ಮಾಡಿ ಜಂಗಮ ದಾಸೋಹ ನಡೆಸುತ್ತಿದ್ದವನು ಎಂದು ಪರಂಪರೆ ಅವನನ್ನು ನೆನೆಯುತ್ತದೆ. ಅಷ್ಟು ಹಳೆಯ ಕಸುಬು. ಆದರೆ ಅರಣ್ಯ ಇಲಾಖೆಯ ಕಡತಗಳಲ್ಲಿ ಈ ಕಸುಬಿಗಿದ್ದ ಜಾಗ ಒಂದು ಹೊರೆಯ ಪಾಸಿನಷ್ಟು.

ಕಳೆ ಎನಿಸಿಕೊಂಡಿದ್ದ ಗಿಡದ ದೆಸೆ ತಿರುಗಿದ್ದು ಡೆಹ್ರಾಡೂನಿನಲ್ಲಿ. ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಿದಿರಿನಿಂದ ಕಾಗದದ ತಿರುಳು ತೆಗೆಯುವ ಪ್ರಯೋಗಗಳು ನಡೆದವು. ಬಿದಿರಿನ ನಾರು ಉದ್ದ, ಬೆಳವಣಿಗೆ ಬೇಗ, ಕಾಡಿನಲ್ಲಿ ಬೇಕಾದಷ್ಟಿದೆ. ಪರದೇಶದ ಅಗ್ಗದ ಕಾಗದದಿಂದ ಇಲ್ಲಿನ ಗಿರಣಿಗಳನ್ನು ಕಾಯಲು 1925ರಲ್ಲಿ ಬಿದಿರು ಕಾಗದ ಉದ್ಯಮ ರಕ್ಷಣಾ ಕಾಯ್ದೆಯೇ ಬಂತು. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಭದ್ರಾ ನದಿಯ ನೀರು ಪಕ್ಕದಲ್ಲೇ, ಮಲೆನಾಡಿನ ಬಿದಿರು ಬೆನ್ನಿಗೇ.

ಸ್ವಾತಂತ್ರ್ಯ ಬಂದ ಮೇಲೆ ಕಾಗದದ ಹಸಿವು ಎಷ್ಟಿತ್ತೆಂಬುದನ್ನು ಇಲ್ಲಿ ಮರೆಯಬಾರದು. ಊರೂರಿಗೆ ಶಾಲೆ ತೆರೆಯುತ್ತಿತ್ತು. ಕಚೇರಿ, ಪತ್ರಿಕೆ, ಪಠ್ಯಪುಸ್ತಕ, ಎಲ್ಲಕ್ಕೂ ಕಾಗದ ಬೇಕು. ಹೊರಗಿನಿಂದ ತರಿಸಲು ವಿದೇಶಿ ವಿನಿಮಯವಿಲ್ಲ. ಕಾರ್ಖಾನೆ ಕಟ್ಟುವವರನ್ನು ಸರ್ಕಾರಗಳು ಕೈಮುಗಿದು ಕರೆಯುತ್ತಿದ್ದ ಕಾಲ. ಇದನ್ನು ಬರೆಯುತ್ತಿರುವ ನಾನೂ ಓದುತ್ತಿರುವ ನೀವೂ ಬಹುಶಃ ಆ ಬಿದಿರ ಕಾಗದದ ಮೇಲೇ ಅಕ್ಷರ ತಿದ್ದಿದವರು. ಆದ್ದರಿಂದ ದಾಂಡೇಲಿಯ ಕಥೆಯನ್ನು ಬರಿಯ ಕಳ್ಳ–ಪೊಲೀಸ್ ಕಥೆಯಂತೆ ಹೇಳಲು ನನಗೆ ಮನಸ್ಸಿಲ್ಲ.

ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಕಂಪನಿಯಾಗಿ ನೋಂದಣಿಯಾಯಿತು. ಉತ್ತರ ಕನ್ನಡ ಆಗಿನ್ನೂ ಮುಂಬೈ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು ಮರುವರ್ಷ ನವೆಂಬರಿನಲ್ಲಿ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಕಾಳಿ ನದಿಯ ದಡದಲ್ಲಿ ಯಂತ್ರಗಳು ತಿರುಗತೊಡಗಿದವು. ಹಳ್ಳಿಯಂತಿದ್ದ ದಾಂಡೇಲಿ ಕೆಲವೇ ವರ್ಷಗಳಲ್ಲಿ ಕಾರ್ಖಾನೆಯ ಸೈರನ್ನಿಗೆ ಏಳುವ ಊರಾಯಿತು. ಬಿದಿರನ್ನು ಚಿಕ್ಕ ಚಕ್ಕೆಗಳಾಗಿ ಕತ್ತರಿಸಿ, ದೊಡ್ಡ ಹಂಡೆಗಳಲ್ಲಿ ಕಾಸ್ಟಿಕ್ ಸೋಡಾ ಮತ್ತಿತರ ರಾಸಾಯನಿಕಗಳೊಡನೆ ಒತ್ತಡದಲ್ಲಿ ಬೇಯಿಸಿದರೆ ನಾರು ಬಿಟ್ಟುಕೊಳ್ಳುತ್ತದೆ. ನಾರನ್ನು ಹಿಡಿದಿಟ್ಟಿದ್ದ ಅಂಟು ಕರಗಿ ಕರಿಯ ದ್ರವವಾಗುತ್ತದೆ. ಉಳಿದ ಕಂದು ತಿರುಳನ್ನು ಆಗ ಕ್ಲೋರಿನ್ನಿನಿಂದ ತೊಳೆದು ಬೆಳ್ಳಗೆ ಮಾಡುತ್ತಿದ್ದರು. ಒಂದೊಂದು ಹಂತದಲ್ಲೂ ನೀರು ಬೇಕು, ಬಳಸಿದ ನೀರು ಎಲ್ಲಾದರೂ ಹೋಗಬೇಕು. ಅದು ಹೋದದ್ದು ಕಾಳಿಗೆ. ಕೆಳಗಿನ ಊರಿನವರು ಹೊಳೆಯ ಬಣ್ಣ, ವಾಸನೆಗಳ ಬಗ್ಗೆ ದೂರತೊಡಗಿದರು.

ಕಾರ್ಖಾನೆ ತರುವ ಉತ್ಸಾಹದಲ್ಲಿ ಸರ್ಕಾರ ದೀರ್ಘಾವಧಿಯ ಒಪ್ಪಂದಕ್ಕೆ ಸಹಿ ಹಾಕಿತ್ತು. ಕಾಡಿನಲ್ಲಿ ಇಷ್ಟು ಬಿದಿರಿದೆ, ವರ್ಷಕ್ಕೆ ಇಷ್ಟು ಕಡಿದರೂ ಅಷ್ಟೇ ಮತ್ತೆ ಚಿಗುರುತ್ತದೆ ಎಂಬ ಅಂದಾಜು ಕಾಗದದ ಮೇಲಿತ್ತು. ಲೆಕ್ಕ ಎಲ್ಲಿಂದ ಬಂತು, ಯಾರು ಮೆಳೆ ಎಣಿಸಿದರು ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ದರವಂತೂ ಹೆಸರಿಗೆ ಮಾತ್ರ. ಇದು ನಮ್ಮ ರಾಜ್ಯದ ವಿಶೇಷವೂ ಆಗಿರಲಿಲ್ಲ. ಕೇರಳದಲ್ಲಿ ಚಾಲಿಯಾರ್ ನದಿಯ ದಂಡೆಯ ಮಾವೂರಿಗೆ ರೇಯಾನ್ ಕಾರ್ಖಾನೆ ತರಲು 1958ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಬಿರ್ಲಾ ಸಮೂಹದ ಗ್ವಾಲಿಯರ್ ರೇಯಾನ್ಸ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಬಿದಿರಿನ ಬೆಲೆ ಟನ್ನಿಗೆ ಒಂದು ರೂಪಾಯಿ. ನಮ್ಮವರು ಎಂಟಾಣೆ ಹೆಚ್ಚಿಗೆ ಕೇಳಿದರು ಎಂದು ಬೇಕಾದರೆ ಬೆನ್ನು ತಟ್ಟಿಕೊಳ್ಳಬಹುದು!

ಎಪ್ಪತ್ತರ ದಶಕದ ನಡುವೆ ಮೇದಾರರ ಅಹವಾಲು ಬೆಂಗಳೂರು ತಲುಪಿತು. ಆಗ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು ಸಂಡೂರಿನ ಎಂ. ವೈ. ಘೋರ್ಪಡೆ. ರಾಜಮನೆತನದವರು, ಮ್ಯಾಂಗನೀಸ್ ಗಣಿಯ ಒಡೆತನದ ಕುಟುಂಬದವರು, ಜೊತೆಗೆ ದೇಶದ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರು. ಬಿದಿರು ಖಾಲಿಯಾಗುತ್ತಿದೆ ಎಂದು ಮೇದಾರರು ಹೇಳಿದರೆ, ಹಳ್ಳಿಗರ ದನ ಮತ್ತು ಕೈಕತ್ತಿಯೇ ಅದಕ್ಕೆ ಕಾರಣ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಘೋರ್ಪಡೆ ಎರಡು ಕಡೆಯ ಮಾತನ್ನೂ ಬದಿಗಿಟ್ಟು, ಕಾಡಿಗೇ ಹೋಗಿ ನೋಡಿ ಬರಲು ಮಾಧವ ಗಾಡ್ಗೀಳರನ್ನು ಕೇಳಿಕೊಂಡರು. ಗಾಡ್ಗೀಳ್ ಆಗ ಹಾರ್ವರ್ಡಿನಿಂದ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. 1975ರಿಂದ ಅವರೂ ಸಂಶೋಧನೆಯಲ್ಲಿ ಜೊತೆಗಿದ್ದ ಎಸ್. ನರೇಂದ್ರ ಪ್ರಸಾದರೂ ಉತ್ತರ ಕನ್ನಡದ ಬಿದಿರಿನ ಹಿಂದೆ ಬಿದ್ದರು.

ಹೆಬ್ಬಿದಿರಿನ ಮೆಳೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಬುಡ ಎಂಥದೆಂದು ಗೊತ್ತು. ಗಳಗಳು ಮೇಲಕ್ಕೆ ಬಾಗಿ ಬೀಸಣಿಗೆಯಂತೆ ಹರಡಿದ್ದರೆ, ಕೆಳಗೆ ಆಳೆತ್ತರದವರೆಗೂ ಮುಳ್ಳಿನ ಗೆಲ್ಲುಗಳು ಒಂದರೊಳಗೊಂದು ಹೆಣೆದುಕೊಂಡು ಗೋಡೆ ಕಟ್ಟಿರುತ್ತವೆ. ಕೈ ಹಾಕಿದವನ ಕೈ ಸುಮ್ಮನೆ ಹೊರಬರುವುದಿಲ್ಲ. ಮುಂಗಾರು ಬಿದ್ದ ಮೇಲೆ ಆ ಗೋಡೆಯೊಳಗೆ ನೆಲದಿಂದ ಕಳಲೆ ಏಳುತ್ತದೆ. ಕೆಲವೇ ವಾರಗಳಲ್ಲಿ ಆಳೆತ್ತರ ದಾಟಿ ಗಳವಾಗುವ ಈ ಕಳಲೆ ಮೊದಲ ದಿನಗಳಲ್ಲಿ ಬೆಣ್ಣೆಯಷ್ಟು ಮೃದು, ಎಲ್ಲ ಪ್ರಾಣಿಗಳಿಗೂ ಪ್ರಿಯ. ಮನುಷ್ಯರಿಗೂ ಪ್ರಿಯವೇ, ನೀರಿನಲ್ಲಿ ನೆನೆಹಾಕಿ ಕಹಿ ತೆಗೆದು ಪಲ್ಯ ಮಾಡಿದರೆ, ಉಪ್ಪಿನಲ್ಲಿಟ್ಟರೆ, ಮಲೆನಾಡಿನ ಮಳೆಗಾಲ ಅದರಲ್ಲೇ ಕಳೆಯುತ್ತದೆ. ಎಮ್ಮೆ, ದನ, ಕಾಡುಹಂದಿ, ಮುಳ್ಳುಹಂದಿ, ಮುಸುವ, ಎಲ್ಲಕ್ಕೂ ಅದರ ಮೇಲೆ ಕಣ್ಣು. ಮುಳ್ಳಿನ ಗೋಡೆ ಇರುವುದು ಅದನ್ನು ಕಾಯಲಿಕ್ಕೆ.

ಇಲಾಖೆಯ ಪುಸ್ತಕ ಬೇರೆಯದೇ ಹೇಳುತ್ತಿತ್ತು. ಮೆಳೆಯ ಬುಡದಲ್ಲಿ ಮುಳ್ಳು ಒತ್ತಾಗಿದ್ದರೆ ಹೊಸ ಗಳಕ್ಕೆ ಉಸಿರು ಕಟ್ಟುತ್ತದೆ, ಅದನ್ನು ಸವರಿ ಚೊಕ್ಕ ಮಾಡಬೇಕು ಎಂಬುದು ಅಲ್ಲಿಯ ತಿಳಿವಳಿಕೆ. ಕಾರ್ಖಾನೆಯ ಕೂಲಿಯಾಳುಗಳಿಗೂ ಇದು ಅನುಕೂಲವೇ; ಮುಳ್ಳು ತೆಗೆದರೆ ಗಳ ಎಳೆಯುವುದು ಸುಲಭ. ಹೀಗೆ ವರ್ಷಗಟ್ಟಲೆ, ಬಿದಿರಿನ ಒಳಿತಿಗೆಂದೇ, ಬಿದಿರಿನ ಬೇಲಿ ಕಿತ್ತುಹಾಕಿದರು. ಗಾಡ್ಗೀಳ್ ಮತ್ತು ಪ್ರಸಾದ್ ಮೆಳೆಗಳನ್ನು ಗುರುತು ಹಾಕಿ, ಸವರಿದ್ದನ್ನೂ ಸವರದಿದ್ದನ್ನೂ ಹೋಲಿಸಿ, ಎದ್ದ ಕಳಲೆಗಳಲ್ಲಿ ಎಷ್ಟು ಗಳವಾದವು ಎಂದು ನೋಡಿದರು. ಬುಡ ಚೊಕ್ಕವಾದ ಮೆಳೆಗಳಲ್ಲಿ ಕಳಲೆ ಪ್ರಾಣಿಗಳ ಪಾಲಾಗುತ್ತಿತ್ತು. ಹಳೆಯ ಗಳ ಕಾರ್ಖಾನೆಗೆ, ಹೊಸ ಕಳಲೆ ಎಮ್ಮೆಗೆ. ಮೆಳೆಗೆ ಉಳಿದದ್ದೇನು?

ಈ ಸಂಶೋಧನೆಯಲ್ಲಿ ನನಗೆ ಎಂದೂ ಮರೆಯಲಾಗದ ಅಂಶವೊಂದಿದೆ. ಮುಳ್ಳು ಸವರಬಾರದು ಎಂದು ಆ ಹಳ್ಳಿಗಳ ಜನರಿಗೆ ಮೊದಲೇ ಗೊತ್ತಿತ್ತು. ತಮಗೆ ಬೇಕಾದ ಗಳವನ್ನು ಮುಳ್ಳಿನ ಮೇಲಿನಿಂದ ಕಡಿದುಕೊಂಡು ಬುಡದ ಬೇಲಿಯನ್ನು ಹಾಗೇ ಬಿಡುವುದು ಅವರ ರೂಢಿ. ದನ ಮೇಯಿಸುವವರೇ ದನದಿಂದ ಬಿದಿರನ್ನು ಉಳಿಸಿಕೊಳ್ಳುವ ಬಗೆ ಅರಿತಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ; ಕೇಳುವವರು ಈಗ ಮೊದಲ ಬಾರಿಗೆ ಬಂದಿದ್ದರು. ಇನ್ನೊಂದು ಕಡೆ, ಒಪ್ಪಂದಕ್ಕೆ ಆಧಾರವಾಗಿದ್ದ ಬಿದಿರಿನ ಅಂದಾಜೇ ಕಾಡಿನಲ್ಲಿ ಇದ್ದದ್ದಕ್ಕಿಂತ ಬಹಳ ಹೆಚ್ಚಾಗಿತ್ತೆಂಬುದೂ ಹೊರಬಿತ್ತು. ಇಲ್ಲದ ಬಿದಿರನ್ನು ಸರ್ಕಾರ ಮಾರಿತ್ತು, ಅದೂ ಒಂದೂವರೆ ರೂಪಾಯಿಗೆ.

ಕಾರ್ಖಾನೆಗೆ ತನ್ನ ಕಚ್ಚಾ ಸಾಮಗ್ರಿ ಮುಗಿಯುತ್ತಿದೆ ಎಂಬ ಭಯ ಇರಲಿಲ್ಲವೆ? ಸಾಮಾನ್ಯರಿಗೆ ತೋಚುವ ಪ್ರಶ್ನೆ ಇದು. ನೂರು ವರ್ಷ ಕಾಗದ ಮಾಡಬೇಕಾದವನು ಬಿದಿರನ್ನು ಜೋಪಾನ ಮಾಡಬೇಕಲ್ಲ. ಇದಕ್ಕೆ ಉತ್ತರ ಕೊಟ್ಟದ್ದು ಬಿದಿರನ್ನು ನೋಡಿದವನಲ್ಲ, ತಿಮಿಂಗಿಲಗಳ ಲೆಕ್ಕ ಹಾಕುತ್ತಿದ್ದ ಕೆನಡಾದ ಗಣಿತಜ್ಞ. ಕಾಲಿನ್ ಕ್ಲಾರ್ಕ್ 1973ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇಷ್ಟು: ತಿಮಿಂಗಿಲಗಳ ಸಂತತಿ ವರ್ಷಕ್ಕೆ ಬೆಳೆಯುವ ವೇಗ ಬ್ಯಾಂಕಿನ ಬಡ್ಡಿಗಿಂತ ಕಡಿಮೆಯಿದ್ದರೆ, ಲಾಭ ಮಾತ್ರ ನೋಡುವವನಿಗೆ ಇರುವ ತಿಮಿಂಗಿಲಗಳನ್ನೆಲ್ಲ ಕೊಂದು ಹಣ ಬ್ಯಾಂಕಿನಲ್ಲಿಡುವುದೇ ಲಾಭ. ಅವನಿಗೆ ತಿಮಿಂಗಿಲದ ಮೇಲೆ ದ್ವೇಷವಿರಬೇಕಿಲ್ಲ. ಅವನು ತಿಮಿಂಗಿಲದ ವ್ಯಾಪಾರಿಯಾಗಿಯೇ ಉಳಿಯಬೇಕೆಂಬ ಕಟ್ಟುಪಾಡಿಲ್ಲ, ಅಷ್ಟೆ. ನಾಳೆ ಬೇರೆ ವ್ಯಾಪಾರ ಹಿಡಿಯುತ್ತಾನೆ. ಮೇದಾರನಿಗೆ ಆ ಸೌಲಭ್ಯವಿಲ್ಲ. ಅವನ ಬಂಡವಾಳ ಕೈಕತ್ತಿ ಮತ್ತು ಬೆರಳುಗಳು. ಒಂದೂವರೆ ರೂಪಾಯಿಯ ದರ ಈ ಲೆಕ್ಕವನ್ನು ಇನ್ನಷ್ಟು ಸುಲಭ ಮಾಡಿತ್ತು. ಪುಕ್ಕಟೆ ಸಿಕ್ಕಿದ್ದಕ್ಕೆ ಕಾವಲು ಹಾಕುವವರು ಯಾರು?

ಬಿದಿರಿಗೆ ಇನ್ನೊಂದು ಸ್ವಭಾವವೂ ಇದೆ. ನಲವತ್ತರ ಆಸುಪಾಸು ವರ್ಷಕ್ಕೊಮ್ಮೆ ಇಡೀ ಕಾಡಿನ ಹೆಬ್ಬಿದಿರು ಒಟ್ಟಿಗೇ ಹೂಬಿಟ್ಟು, ಅಕ್ಕಿಯಂಥ ಬೀಜ ಸುರಿಸಿ, ಒಣಗಿ ಸಾಯುತ್ತದೆ. ಬಿದಿರಕ್ಕಿ ಬಂದ ವರ್ಷ ಬರ ಬರುತ್ತದೆ ಎಂದು ಹಿರಿಯರು ಹೆದರುತ್ತಿದ್ದರು. ಬೀಜ ಬಿದ್ದು ಮೊಳೆತ ಸಸಿ ಗಟ್ಟಿ ಮೆಳೆಯಾಗಲು ವರ್ಷಗಳು ಬೇಕು. ಅಲ್ಲಿಯವರೆಗೆ ಬೆಂಕಿ, ದನ ಎರಡರಿಂದಲೂ ಅದನ್ನು ಕಾಯಬೇಕು. ದಿನದ ಮೂರು ಪಾಳಿಯಲ್ಲೂ ತಿರುಗುವ ಯಂತ್ರ ಅಷ್ಟು ಕಾಲ ಕಾಯುವುದಿಲ್ಲ.

ಹಾಗಾಗಿ ಯಂತ್ರದ ಕೈ ಉದ್ದವಾಯಿತು. ಹತ್ತಿರದ ಕಾಡು ಬರಿದಾದಂತೆ ದೂರದ ಕಾಡು, ಆಮೇಲೆ ಆಂಧ್ರ, ಆಮೇಲೆ ಹಿಮಾಲಯದ ಗಢವಾಲ, ಈಶಾನ್ಯದ ನಾಗಾಲ್ಯಾಂಡ್‌ವರೆಗೂ ಬಿದಿರಿಗಾಗಿ ಹೋದ ದಾರಿಯನ್ನು ಗಾಡ್ಗೀಳ್ ದಾಖಲಿಸಿದ್ದಾರೆ. ಒಂದು ಗೋಮಾಳ ಮೇಯ್ದು ಮುಗಿಸಿ ಇನ್ನೊಂದಕ್ಕೆ ಹೋಗುವ ದನದ ಹಾಗೆ ಎನ್ನಬಹುದಿತ್ತು. ಆದರೆ ದನ ಸಂಜೆಗೆ ಕೊಟ್ಟಿಗೆಗೆ ಮರಳುತ್ತದೆ, ಗೊಬ್ಬರವನ್ನಾದರೂ ಕೊಡುತ್ತದೆ.

ಇದರ ಜೊತೆಯಲ್ಲೇ ನೀಲಗಿರಿ ಬಂತು. ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ತಿರುಳಿಗೆ ಆಗುತ್ತದೆ. ಇಲಾಖೆಗೆ ಇದಕ್ಕಿಂತ ಒಳ್ಳೆಯ ಮರ ಸಿಗುವಂತಿರಲಿಲ್ಲ. ಪಶ್ಚಿಮ ಘಟ್ಟದ ಹಸಿರು ಕಾಡನ್ನು ಪೂರ್ತಿ ಸವರಿ, ಸುಟ್ಟು, ನೀಲಗಿರಿ ನೆಟ್ಟರು. ಮಳೆ ಹೆಚ್ಚಿದ್ದ ಕಡೆ ಕಾಂಡಕ್ಕೆ ಗುಲಾಬಿ ಬಣ್ಣದ ಬೂಷ್ಟು ಹಿಡಿದು ನೆಡುತೋಪುಗಳು ಒಣಗಿದವು. ಕಾಡೂ ಹೋಯಿತು, ನೀಲಗಿರಿಯೂ ಕೈಗೆ ಬರಲಿಲ್ಲ. ಶಿರಸಿಯ ಸುತ್ತಿನ ಅಡಿಕೆ ತೋಟದ ಹೆಗಡೆ, ಭಟ್ಟರಿಗೆ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟದ ಚಿಂತೆ ಹತ್ತಿದ್ದು ಇಂಥದನ್ನೆಲ್ಲ ಕಣ್ಣಾರೆ ಕಂಡ ಮೇಲೆ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಯುವಕರು, ಹೆಂಗಸರು ಕಳಸೆ ಕಾಡಿಗೆ ನಡೆದು, ಪ್ಲೈವುಡ್ಡಿಗೆಂದು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳುತನದ ಅಪ್ಪಿಕೋ ಚಳವಳಿಯ ಬಗ್ಗೆ ಬೇಕಾದಷ್ಟು ಬರಹಗಳಿವೆ, ಇಲ್ಲಿ ಹೆಚ್ಚು ಹೇಳುವುದಿಲ್ಲ. ಅದೇ ವರ್ಷ ತುಮಕೂರು ಜಿಲ್ಲೆಯ ಬಯಲು ಸೀಮೆಯಲ್ಲಿ ರೈತರು ಇಲಾಖೆಯ ಸಸ್ಯಪಾಲನಾ ಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿ ಕಿತ್ತೆಸೆದಿದ್ದರು.

ಇನ್ನು ಅಂಗಿಯ ಕಥೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದಲ್ಲಿ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಮಾವೂರಿನ ಕಾರ್ಖಾನೆಯ ಒಡೆಯರೇ ಇದಕ್ಕೂ ಒಡೆಯರು. ಇಲ್ಲಿ ನೀಲಗಿರಿಯ ತಿರುಳನ್ನು ಇನ್ನಷ್ಟು ಶುದ್ಧ ಮಾಡಿ, ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡಿನಲ್ಲಿ ಕರಗಿಸಿ ಜೇನಿನಂಥ ಪಾಕ ಮಾಡುತ್ತಾರೆ. ಸಣ್ಣ ರಂಧ್ರಗಳ ಮೂಲಕ ಆಮ್ಲದ ತೊಟ್ಟಿಗೆ ಬಿಟ್ಟರೆ ಎಳೆಯಾಗಿ ಗಟ್ಟಿಯಾಗುತ್ತದೆ. ರೇಯಾನ್ ಎಂದು, ವಿಸ್ಕೋಸ್ ಎಂದು ಅಂಗಡಿಯಲ್ಲಿ ಸಿಗುವುದು ಇದೇ. ಈಚೆಗೆ ಬಿದಿರಿನ ತಿರುಳಿನಿಂದ ಹೀಗೇ ತೆಗೆದ ಬಟ್ಟೆಯನ್ನು "ಪರಿಸರಸ್ನೇಹಿ ಬಿದಿರ ಬಟ್ಟೆ" ಎಂದು ಮಾರುವ ಚಾಳಿ ಬಂದಿದೆ. ಅಮೆರಿಕದ ಗ್ರಾಹಕ ವ್ಯವಹಾರ ನೋಡಿಕೊಳ್ಳುವ ಆಯೋಗ 2009ರಿಂದ ಇದರ ಮೇಲೆ ಕಣ್ಣಿಟ್ಟು, ಇದು ರೇಯಾನ್, ಹಾಗೆಂದೇ ಬರೆಯಿರಿ ಎಂದಿತು. ಕೇಳದ ನಾಲ್ಕು ದೊಡ್ಡ ಕಂಪನಿಗಳು 2013ರಲ್ಲಿ ದಂಡ ಕಟ್ಟಿದವು. ನಮ್ಮಲ್ಲಿ ಅಂಥ ಟವೆಲ್ಲಿಗೆ ಇಂದಿಗೂ ಎಲೆಯ ಚಿತ್ರದ ಚೀಟಿ ಅಂಟಿಸಿರುತ್ತಾರೆ. ಹೋಗಲಿ, ಮತ್ತೆ ಹೊಳೆಗೆ ಬರೋಣ.

1984ರಲ್ಲಿ ತುಂಗಭದ್ರೆಯಲ್ಲಿ ಮೀನು ರಾಶಿರಾಶಿಯಾಗಿ ಸತ್ತು ತೇಲಿದವು. ಕಾರ್ಖಾನೆಯ ಕೆಳದಂಡೆಯ ಹಳ್ಳಿಗಳಿಗೆ ಅದು ಒಂದು ದಿನದ ಸುದ್ದಿಯಲ್ಲ. ಹೊಳೆಯಲ್ಲಿ ಇಳಿದರೆ ತುರಿಕೆ, ದನಕ್ಕೆ ಕುಡಿಸಲು ಹೆದರಿಕೆ, ಬಲೆ ಬೀಸುವವರಿಗೆ ಕೂಳಿಲ್ಲ ಎಂಬ ಸ್ಥಿತಿ. ಅಮೆರಿಕದ ಉದ್ಯೋಗ ಬಿಟ್ಟು ಬಂದು ರಾಣೆಬೆನ್ನೂರಿನ ಮೆಡ್ಲೇರಿಯಲ್ಲಿ ಗ್ರಾಮೀಣ ಕೆಲಸದಲ್ಲಿ ತೊಡಗಿದ್ದ ಎಸ್. ಆರ್. ಹಿರೇಮಠರು ಈ ಹೋರಾಟದಲ್ಲಿ ಮುಂದೆ ನಿಂತರು. ತುಂಗಭದ್ರಾ ಪರಿಸರ ಸಮಿತಿ, ಸಮಾಜ ಪರಿವರ್ತನ ಸಮುದಾಯ ಹುಟ್ಟಿದ್ದು ಈ ಕಾಲದಲ್ಲಿ.

ಹೊಳೆಯ ಜಗಳ ಇನ್ನೂ ಬಿಸಿಯಿರುವಾಗಲೇ, 1984ರ ನವೆಂಬರಿನಲ್ಲಿ, ಸರ್ಕಾರ ಇನ್ನೊಂದು ಒಪ್ಪಂದಕ್ಕೆ ಕೈಹಾಕಿತು. ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ. ಸರ್ಕಾರದ ಪಾಲು ಶೇ 51, ಹರಿಹರ ಪಾಲಿಫೈಬರ್ಸ್ ಪಾಲು ಶೇ 49. ಮಲೆನಾಡು ಮತ್ತು ಅದರ ಸೆರಗಿನ ಜಿಲ್ಲೆಗಳ ಸುಮಾರು 75,000 ಎಕರೆ ನೆಲವನ್ನು 40 ವರ್ಷಕ್ಕೆ ನೀಲಗಿರಿಗೆಂದು ಕೊಡುವುದು ಯೋಜನೆ. ಕಂದಾಯ ದಾಖಲೆಯಲ್ಲಿ 'ಸಿ ಅಂಡ್ ಡಿ' ದರ್ಜೆಯ ಬಂಜರು ಎಂದು ಕರೆಸಿಕೊಂಡ ಆ ನೆಲ ಊರವರಿಗೆ ದನ ಬಿಡುವ ಜಾಗ, ಸೌದೆಯ ಜಾಗ, ಹೊಲಕ್ಕೆ ಸೊಪ್ಪು ತರುವ ಜಾಗ. ಯಾರದ್ದೂ ಅಲ್ಲ ಎಂದು ಬರೆದಿದ್ದ ನೆಲ ಎಲ್ಲರದೂ ಆಗಿತ್ತು.

ಎಂಬತ್ತು ದಾಟಿದ್ದ ಶಿವರಾಮ ಕಾರಂತರು ಹಿರೇಮಠ ಮತ್ತಿತರರೊಡನೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1987ರ ಮಾರ್ಚಿನಲ್ಲಿ ಆ ನೆಲವನ್ನು ಪರಭಾರೆ ಮಾಡದಂತೆ ಕೋರ್ಟ್ ತಡೆ ನೀಡಿತು. ತಡೆಯಾಜ್ಞೆ ಬಂದರೂ ಸಸಿ ನೆಡುವುದು ನಿಲ್ಲಲಿಲ್ಲ ಎಂದು ಜನ ದೂರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಮಂದಿ ಸೇರಿದರು. ಸತ್ಯಾಗ್ರಹದ ಹೆಸರೇ 'ಕಿತ್ತಿಕೋ–ಹಚ್ಚಿಕೋ'. ಧಾರವಾಡ ಸೀಮೆಯ ಮಾತಿನಲ್ಲಿ ಹಚ್ಚುವುದೆಂದರೆ ನೆಡುವುದು. ನೂರರಷ್ಟು ನೀಲಗಿರಿ ಸಸಿ ಕಿತ್ತರು, ಆ ಕುಣಿಗಳಲ್ಲೇ ಹಣ್ಣಿನ, ಮೇವಿನ ಗಿಡ ಹಚ್ಚಿದರು. ಪೊಲೀಸರು ಹಿಡಿದುಕೊಂಡು ಹೋದರು. ಬರಿಯ ಕೀಳುವ ಸತ್ಯಾಗ್ರಹವಾಗಿದ್ದರೆ ಅದು ಇಷ್ಟು ದಿನ ನೆನಪಿರುತ್ತಿರಲಿಲ್ಲ. ಕಂಪನಿಗೆ ಬೇಕಾದದ್ದು ಮತ್ತು ಊರಿಗೆ ಬೇಕಾದದ್ದು ಒಂದೇ ಕುಣಿಯಲ್ಲಿ ಎದುರುಬದುರಾಗಿದ್ದವು. ಕರ್ನಾಟಕ ಪಲ್ಪ್‌ವುಡ್ 1991ರಲ್ಲಿ ಬಾಗಿಲು ಹಾಕಿತು. ಕಾರಂತರು ನಡುವೆ, 1989ರಲ್ಲಿ, ಪರಿಸರವನ್ನೇ ವಿಷಯ ಮಾಡಿಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತಿದ್ದರು.

ದರದ ಮಾತಿಗೆ ಕಾಗದದ ಮೇಲೆ ತೆರೆ ಬಿದ್ದದ್ದು 1988ರ ರಾಷ್ಟ್ರೀಯ ಅರಣ್ಯ ನೀತಿಯಲ್ಲಿ. ಉದ್ಯಮಗಳಿಗೆ ರಿಯಾಯಿತಿ ದರದಲ್ಲಿ ಅರಣ್ಯೋತ್ಪನ್ನ ಕೊಡುವುದು ನಿಲ್ಲಬೇಕು, ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ಬೆಳೆಗಾರರಿಂದಲೇ ಪಡೆಯಬೇಕು ಎಂದು ಅದು ಹೇಳಿತು. ಕಾರ್ಖಾನೆಗಳು ರೈತರಿಗೆ ನೀಲಗಿರಿ, ಸುಬಾಬುಲ್, ಸರ್ವೆ ಸಸಿ ಹಂಚತೊಡಗಿದವು. ಪುಕ್ಕಟೆ ಕಾಡು ಕೈತಪ್ಪಿದ ಮೇಲೆ ಮರದ ಬೆಲೆ ಎಷ್ಟು, ನೀರಿನ ಬೆಲೆ ಎಷ್ಟು, ಕರಿ ದ್ರವವನ್ನು ಸುಟ್ಟು ಉಗಿ ಮಾಡಿಕೊಂಡರೆ ಎಷ್ಟು ಉಳಿತಾಯ ಎಂಬ ಲೆಕ್ಕಗಳಿಗೆ ಇನ್ನಷ್ಟು ಬಿಗಿ ಬಂತು. ಹಾಗೆಂದು ಹೊಸ ವ್ಯವಸ್ಥೆಯೂ ನಿರಾಳವಾಗಿರಲಿಲ್ಲ. ಕೋಲಾರದ ರಾಗಿ ಹೊಲಗಳಲ್ಲಿ ನೀಲಗಿರಿ ಹಬ್ಬಿದ್ದರ ಜಗಳ ಮೂರು ದಶಕ ಎಳೆದು, ಕಡೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಭದ್ರಾವತಿಯ ಕಾರ್ಖಾನೆ ಅಷ್ಟರಲ್ಲಿ ನಿಂತುಹೋಗಿತ್ತು. ಅದಕ್ಕೆ ಗುತ್ತಿಗೆ ಕೊಟ್ಟಿದ್ದ ಮಲೆನಾಡಿನ ನೆಡುತೋಪುಗಳ ಅವಧಿ 2020ರಲ್ಲಿ ಮುಗಿದಾಗ, ಕಾಗದವೇ ಮಾಡದ ಕಾರ್ಖಾನೆಯ ಹೆಸರಿನಲ್ಲಿ ಅಕೇಶಿಯಾ ಮತ್ತೆ ಯಾಕೆ ಎಂದು ಶಿವಮೊಗ್ಗದ ಊರುಗಳಲ್ಲಿ ಜನ ಬೀದಿಗಿಳಿದರು.

ಮತ್ತೆ ಬಿದಿರು. ಸಸ್ಯಶಾಸ್ತ್ರಕ್ಕೆ ಅದು ಹುಲ್ಲು. ಭತ್ತ, ಕಬ್ಬುಗಳ ನೆಂಟ. 1927ರ ಭಾರತೀಯ ಅರಣ್ಯ ಕಾಯ್ದೆಗೆ ಅದು ಮರ. ಮರವೆಂದಮೇಲೆ ಕಡಿಯಲು ಅಪ್ಪಣೆ, ಸಾಗಿಸಲು ರಹದಾರಿ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯೋತ್ಪನ್ನವೆಂದು ಕರೆದು ಕಾಡುವಾಸಿಗಳಿಗೆ ಅದರ ಮೇಲೆ ಹಕ್ಕು ಕೊಟ್ಟಿತು. ಆದರೂ ಮಹಾರಾಷ್ಟ್ರದ ಗಡ್‌ಚಿರೋಲಿಯ ಮೆಂಢಾ ಲೇಖಾ ಎಂಬ ಗೊಂಡರ ಹಳ್ಳಿ ತನ್ನದೇ ಬಿದಿರನ್ನು ಮಾರಲು ರಹದಾರಿ ಪುಸ್ತಕಕ್ಕಾಗಿ ಹೋರಾಡಬೇಕಾಯಿತು. 2011ರ ಏಪ್ರಿಲ್ 27ರಂದು ಆಗಿನ ಕೇಂದ್ರ ಪರಿಸರ ಮಂತ್ರಿ ಜೈರಾಮ್ ರಮೇಶ್ ಆ ಊರಿಗೇ ಬಂದು ಪುಸ್ತಕ ಗ್ರಾಮಸಭೆಯ ಕೈಗಿತ್ತರು. ಬಿದಿರಿಗೆ ಇನ್ನು ಊರವರೇ ದರ ಹೇಳಬಹುದಿತ್ತು. 2017ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯೊಂದು ಕೇಂದ್ರದ ಕಾಯ್ದೆಯನ್ನು ತಿದ್ದಿ, ಕಾಡಿನಾಚೆ ಬೆಳೆದ ಬಿದಿರಿಗೆ ಮರದ ಕಟ್ಟಳೆಯಿಂದ ಬಿಡುಗಡೆ ಕೊಟ್ಟಿತು. ಕಾಡಿನೊಳಗಿನದು ಮಾತ್ರ ಇಂದಿಗೂ ಅರಣ್ಯ ಕಾಯ್ದೆಯ ಹಿಡಿತದಲ್ಲೇ. ಬೇಲಿಯ ಈಚೆ ಹುಲ್ಲು, ಬೇಲಿಯ ಆಚೆ ಅರಣ್ಯೋತ್ಪನ್ನ.

ಗೌರಿ ಹಬ್ಬದ ಹಿಂದಿನ ಆ ಸಂಜೆ ನಾವೂ ಒಂದು ಜೋಡಿ ಮೊರ ಕೊಂಡೆವು. ಪಕ್ಕದ ಹೆಂಗಸು ಕೊನೆಗೆ ಹೇಳಿದ ಬೆಲೆಗೆ ಇಪ್ಪತ್ತು ರೂಪಾಯಿ ಕಮ್ಮಿ ಕೊಟ್ಟು ಹೋದರು. ಮನೆಗೆ ಬಂದು ಅರಿಸಿನ ಬಳಿಯುವಾಗ ನೋಡಿದರೆ, ಮೊರದ ಅಂಚಿಗೆ ಸುತ್ತಿ ಬಿಗಿದದ್ದು ಬಿದಿರ ಎಳೆಯಲ್ಲ, ನೀಲಿ ಬಣ್ಣದ ಪ್ಲಾಸ್ಟಿಕ್ ವೈರು.